ಪ್ಲೇಟು ಸುಟ್ಟಿದ್ದು ಯಾರಿಂದ? ಬೆಟ್ಟ ಹತ್ತುವ ಜೀಪಿನವರಿಗೊಂದು ಬಹಿರಂಗ ಪತ್ರ

ಕೊಡಚಾದ್ರಿಗೆ, ಮಾಂದಲಪಟ್ಟಿಗೆ, ಮಲೆನಾಡಿನ ಇನ್ನೂ ಹತ್ತಾರು ನೆತ್ತಿಗಳಿಗೆ ಜನರನ್ನು ಹತ್ತಿಸಿ ಇಳಿಸುವ ಜೀಪು ಡ್ರೈವರುಗಳಿಗೆ, ಆ ಜೀಪುಗಳ ಮಾಲೀಕರಿಗೆ,



ಮಳೆ ಹಿಂದೆಗೆದು ದಸರಾ ರಜೆಯ ಬಾಡಿಗೆ ಶುರುವಾಗುವ ಹೊತ್ತಿಗೆ ನಿಮ್ಮ ಸ್ಟ್ಯಾಂಡುಗಳಲ್ಲಿ ಒಂದು ಜಗಳವೂ ಶುರುವಾಗುತ್ತದೆ. ಅರ್ಧ ಏರಿನಲ್ಲಿ ಜೀಪು ನಿಂತಿರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಹಿಂದೆ ಕೂತವರ ಮೂಗಿಗೂ ಬಡಿದಿರುತ್ತದೆ. ಇನ್ನೊಂದು ಜೀಪು ಬಂದು ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುತ್ತದೆ. ಸಂಜೆ ಮಾಲೀಕರು, "ನೀನು ಹಾಫ್ ಕ್ಲಚ್ಚಲ್ಲೇ ಹತ್ತಿಸ್ತೀಯ, ಪ್ಲೇಟು ಸುಡದೆ ಇನ್ನೇನಾಗ್ತದೆ?" ಎನ್ನುತ್ತಾರೆ. ಡ್ರೈವರ್, "ಅಗ್ಗದ ಮಾಲು ಹಾಕಿಸಿದ್ರೆ ಇಷ್ಟೇ ಬಾಳೋದು" ಎನ್ನುತ್ತಾನೆ. ಗ್ಯಾರೇಜಿನವನು ಎರಡೂ ಕಡೆ ತಲೆಯಾಡಿಸಿ ಹೊಸ ಸೆಟ್ ಹಾಕುತ್ತಾನೆ. ಎಷ್ಟೋ ಕಡೆ ಆ ಖರ್ಚಿನ ಒಂದು ಪಾಲು ಡ್ರೈವರ್‌ನ ಬ್ಯಾಟಾದಲ್ಲಿ ಮುರಿಯುತ್ತದೆ. ಹಳೇ ಪ್ಲೇಟು ಗುಜರಿ ಮೂಲೆಗೆ ಹೋಗುತ್ತದೆ. ಅದನ್ನು ತಿರುಗಿಸಿ ನೋಡಿದವರು ಯಾರೂ ಇರುವುದಿಲ್ಲ.

ಗ್ಯಾರೇಜಿನಲ್ಲೇ ತಲೆ ನರೆತವನು ನಾನು. ಈ ಜಗಳವನ್ನು ಸಾಕಷ್ಟು ಕೇಳಿದ್ದೇನೆ. ನನ್ನ ತಕರಾರು ಇಷ್ಟೆ: ದುಡ್ಡು ಯಾರದೆಂದು ತೀರ್ಮಾನ ಮಾಡುವ ಮೊದಲು ಕ್ಲಚ್ಚಿಗೆ ಏನಾಗಿದೆ ಎಂದು ನೋಡಿ. ಗೇರ್ ಬಾಕ್ಸ್ ಇಳಿಸುವ ಮೊದಲು ಒಂದು ಗಂಟೆ, ಇಳಿಸಿದ ಮೇಲೆ ಕಾಲು ಗಂಟೆ ಸಾಕು. ಆ ಹೊತ್ತಿನಲ್ಲಿ ಒಂದೋ ಗೇರ್ ಬಾಕ್ಸ್ ಇಳಿಸುವ ಅಗತ್ಯವೇ ಇಲ್ಲವೆಂದು ತಿಳಿಯುತ್ತದೆ, ಇಲ್ಲವೇ ತಪ್ಪು ಯಾರದೆಂದು ಬಹುಪಾಲು ತಿಳಿಯುತ್ತದೆ.

ಮೊದಲು ನಿಮ್ಮ ಗಾಡಿ ಯಾವುದೆಂದು ನೋಡಿಕೊಳ್ಳಿ. ಇದು ಕಾಣುವಷ್ಟು ಸುಲಭವಲ್ಲ. ಬಾನೆಟ್ ಎತ್ತರವಿರುವ ಸಿಜೆ 3ಬಿ ಅಮೆರಿಕದ ವಿಲ್ಲೀಸ್ ಕಂಪನಿಯಲ್ಲಿ ಹುಟ್ಟಿದ್ದು 1953ರಲ್ಲಿ. ಮಹೀಂದ್ರಾದವರು ಅದನ್ನು ಇಲ್ಲಿ ದಶಕಗಟ್ಟಲೆ ಮಾಡಿದರು. 1985ರಲ್ಲಿ ಪ್ಯೂಜೋ ವಂಶದ 2112 ಸಿ.ಸಿ. ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಅದೇ ವರ್ಷದ ಕೊನೆಗೆ ಮಾರುತಿ ಜಿಪ್ಸಿ ಬಂತು. ಆದರೆ ಆರ್.ಸಿ. ಪುಸ್ತಕದಲ್ಲಿರುವುದೇ ಬಾನೆಟ್ ಕೆಳಗೂ ಇದೆಯೆಂದು ನಂಬಬೇಡಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳು ನಮ್ಮ ಕಡೆ ಧಾರಾಳವಾಗಿವೆ. ಅವುಗಳಲ್ಲಿ ಎಂಜಿನ್ ಒಂದು ಗಾಡಿಯದು, ಗೇರ್ ಬಾಕ್ಸ್ ಇನ್ನೊಂದರದು, ನಡುವಿನ ಫ್ಲೈವೀಲು ಯಾವುದರದೋ. ಅಂಗಡಿಗೆ ಹೋಗಿ ಗಾಡಿಯ ಹೆಸರು ಹೇಳಿ ಕ್ಲಚ್ ಸೆಟ್ ಕೇಳಿದರೆ ಅಂಗಡಿಯವನು ಕೊಡುವುದು ಆ ಹೆಸರಿನ ಗಾಡಿಯದ್ದು, ನಿಮ್ಮ ಗಾಡಿಯದ್ದಲ್ಲ. ಹಳೇ ಪ್ಲೇಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಹೊರಸುತ್ತಿನ ಅಳತೆ ನೋಡಿ, ನಡುವಿನ ತೂತಿನ ಹಲ್ಲು ಎಣಿಸಿ. ಮೂರು ಗೇರಿನ ಹಳೇ ಟಿ-90 ಬಾಕ್ಸಿನ ಶಾಫ್ಟಿಗೆ 10 ಹಲ್ಲು, ದಪ್ಪ 1⅛ ಇಂಚು.

ಇನ್ನು ಪರೀಕ್ಷೆಗೆ ಬರೋಣ. ಕ್ಲಚ್ಚಿನ ಕಾಯಿಲೆ ಮೂಲದಲ್ಲಿ ಎರಡೇ: ಹಿಡಿಯುವುದಿಲ್ಲ, ಅಥವಾ ಬಿಡುವುದಿಲ್ಲ. ಉಳಿದ ನಡುಕ, ಸದ್ದು ಎಲ್ಲ ಇವುಗಳ ಬಾಲಗಳು. ಈ ಎರಡನ್ನು ಬೇರೆ ಮಾಡಿಕೊಳ್ಳದೆ "ಕ್ಲಚ್ ಹೋಯ್ತು" ಎಂದರೆ ಗ್ಯಾರೇಜಿನವನಿಗೆ ಏನೂ ಹೇಳಿದಂತಾಗುವುದಿಲ್ಲ.

ಹಿಡಿಯುವುದಿಲ್ಲ ಅನ್ನಿಸಿದರೆ ಸಮ ಜಾಗದಲ್ಲಿ ನಿಲ್ಲಿಸಿ. ಮುಂದೆ ಯಾರೂ ನಿಲ್ಲಬಾರದು. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ, ಟಾಪ್ ಗೇರ್ ಹಾಕಿ, ಎಂಜಿನ್ನಿನ ಐಡಲ್ ಸ್ವಲ್ಪ ಏರಿಸಿಕೊಂಡು ಕ್ಲಚ್ ನಿಧಾನವಾಗಿ ಪೂರ್ತಿ ಬಿಡಿ. ಎಂಜಿನ್ ನರಳಿ ಬಂದ್ ಆದರೆ ಕ್ಲಚ್ ಹಿಡಿಯುತ್ತಿದೆ. ಪೂರ್ತಿ ಬಿಟ್ಟ ಮೇಲೂ ಎಂಜಿನ್ ಆರಾಮವಾಗಿ ಓಡುತ್ತಿದ್ದರೆ ಸ್ಲಿಪ್ ಇದೆ. ಒಂದು ಸಲ ನೋಡಿದರೆ ಸಾಕು. ಸ್ನೇಹಿತರಿಗೆ ತೋರಿಸಲೆಂದು ಮತ್ತೆ ಮತ್ತೆ ಮಾಡಿದರೆ ಆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಸ್ಲಿಪ್ ಇದೆಯೆಂದ ಕೂಡಲೇ ಪ್ಲೇಟು ಸವೆದಿದೆ ಅನ್ನಬೇಡಿ. ಮೊದಲು ಕೈಯಿಂದ ಪೆಡಲ್ ಒತ್ತಿ ನೋಡಿ. ಮೇಲಿನ ಒಂದಿಷ್ಟು ದೂರ ಅದು ಸಡಿಲವಾಗಿ, ಯಾವ ಭಾರವೂ ಇಲ್ಲದೆ ಇಳಿಯಬೇಕು. ಅದು ಫ್ರೀ ಪ್ಲೇ. ವಿಲ್ಲೀಸ್ ವಂಶದ ಜೀಪಿನಲ್ಲಿ ಮುಕ್ಕಾಲಿನಿಂದ ಒಂದು ಇಂಚು ಇರಬೇಕು. ಪ್ಲೇಟು ಸವೆದಂತೆ ಈ ಸಡಿಲು ಹೆಚ್ಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಉಲ್ಟಾ. ಪ್ಲೇಟು ತೆಳ್ಳಗಾದ ಹಾಗೆ ಪ್ರೆಶರ್ ಪ್ಲೇಟು ಫ್ಲೈವೀಲಿನ ಕಡೆ ಸರಿಯುತ್ತದೆ, ಅದರ ಬೆರಳುಗಳು ಹಿಂದಕ್ಕೆ, ರಿಲೀಸ್ ಬೇರಿಂಗಿನ ಕಡೆ ಬಾಗುತ್ತವೆ. ನಡುವಿನ ಸಂದು ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ಪೂರ್ತಿ ಮುಚ್ಚುತ್ತದೆ. ಆಮೇಲೆ ನೀವು ಪೆಡಲ್ ಮೇಲೆ ಕಾಲಿಡದಿದ್ದರೂ ಬೇರಿಂಗು ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಪ್ಲೇಟಿನಲ್ಲಿ ಇನ್ನೂ ಅರ್ಧ ಜೀವ ಇರುತ್ತದೆ, ಆದರೂ ಸ್ಲಿಪ್. ರಾಡಿನ ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿದರೆ ಹೋಗುವ ಕಾಯಿಲೆಗೆ ಗೇರ್ ಬಾಕ್ಸ್ ಇಳಿಸಿದ್ದನ್ನು ನೋಡಿದ್ದೇನೆ. ಪ್ಲೇಟಿನ ಜೊತೆಗೆ ಲೇಬರ್ ಬಿಲ್ಲೂ ಬಂದಿರುತ್ತದೆ, ಅದೂ ಡ್ರೈವರ್‌ನ ತಲೆಗೆ.

ಬಿಡುವುದಿಲ್ಲ ಅನ್ನಿಸಿದರೆ, ಎಂಜಿನ್ ಓಡುತ್ತಿರುವಾಗ ಪೆಡಲ್ ಪೂರ್ತಿ ಒತ್ತಿ ಹತ್ತರ ತನಕ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಎಣಿಸುವುದು ಮುಖ್ಯ. ಹಳೇ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಮತ್ತು ರಿವರ್ಸಿಗೆ ಸಿಂಕ್ರೋ ಇಲ್ಲ. ಕ್ಲಚ್ ಸರಿಯಾಗಿ ಬಿಟ್ಟರೂ ಒಳಗಿನ ಶಾಫ್ಟು ಸುತ್ತುವುದು ನಿಲ್ಲಲು ಒಂದಷ್ಟು ಕ್ಷಣ ಬೇಕು. ಒತ್ತಿದ ಕೂಡಲೇ ಗೇರ್ ಹಾಕಿ ಕರ್ ಎಂದರೆ ಅದು ಕ್ಲಚ್ಚಿನ ತಪ್ಪಲ್ಲ, ಅವಸರದ್ದು. ಹತ್ತು ಎಣಿಸಿದ ಮೇಲೂ ಹಲ್ಲು ಕಡಿದರೆ, ಅಥವಾ ಪೆಡಲ್ ಒತ್ತಿದ್ದರೂ ಗಾಡಿ ತೆವಳಿದರೆ, ಕ್ಲಚ್ ಬಿಡುತ್ತಿಲ್ಲ.

ಆಗ ಹೆಲ್ಪರ್ ಹುಡುಗನನ್ನು ಪೆಡಲ್ ಒತ್ತಲು ಕೂರಿಸಿ, ಎಂಜಿನ್ ಬಂದ್ ಮಾಡಿ, ನೀವು ಅಡಿಗೆ ಹೋಗಿ ಮಲಗಿ. ಪೆಡಲ್ ಅಷ್ಟುದ್ದ ಇಳಿದಾಗ ಬೆಲ್ ಹೌಸಿಂಗಿನ ಪಕ್ಕದಲ್ಲಿ ಫೋರ್ಕು ಎಷ್ಟು ಸರಿಯುತ್ತದೆ ನೋಡಿ. ಹಳೇ ಜೀಪಿನಲ್ಲಿ ಪೆಡಲಿನಿಂದ ಫೋರ್ಕಿಗೆ ಹೋಗುವ ದಾರಿಯಲ್ಲಿ ಒಂದು ಅಡ್ಡ ಟ್ಯೂಬಿದೆ. ಅದರ ಒಂದು ತುದಿ ಛಾಸಿಗೆ, ಇನ್ನೊಂದು ಬೆಲ್ ಹೌಸಿಂಗಿಗೆ ಗುಂಡು ಕೀಲಿನಲ್ಲಿ ಕೂತಿರುತ್ತದೆ. ಈ ಗುಂಡುಗಳು, ರಾಡಿನ ತೂತುಗಳು, ಪೆಡಲ್ ಶಾಫ್ಟಿನ ಬುಷ್ಷು ಒಂದೊಂದೂ ಚೂರು ಚೂರು ಸವೆದಿರುತ್ತವೆ. ಎಲ್ಲ ಕೂಡಿದರೆ ಕಾಲಿನ ಅರ್ಧ ಒತ್ತು ದಾರಿಯಲ್ಲೇ ಖರ್ಚಾಗುತ್ತದೆ. ಗ್ರೀಸ್ ಕಾಣದ ಆ ಕೀಲುಗಳಿಗೆ ನಮ್ಮ ಕೆಮ್ಮಣ್ಣಿನ ಕೆಸರೇ ಅರೆಯುವ ಪುಡಿ. ಜಿಪ್ಸಿಯದ್ದು ಕೇಬಲ್: ಒಳ ತಂತಿ ಎಳೆಎಳೆಯಾಗಿ ಬಿಚ್ಚಿಕೊಂಡಿದೆಯೇ, ಹೊರಕವಚ ಕೂತ ಜಾಗದಲ್ಲಿ ತಗಡು ಬಿರುಕು ಬಿಟ್ಟು ಬಾಗುತ್ತಿದೆಯೇ ನೋಡಿ. ಆಮೇಲೆ ಬಂದ ಗಾಡಿಗಳ ಆಯಿಲ್ ಕ್ಲಚ್ಚಿನ ಲಕ್ಷಣ ಬೇರೆ. ಎರಡು ಮೂರು ಸಲ ಪಂಪು ಮಾಡಿದಾಗ ಸರಿಹೋದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಸೀಲು ಸೋತಿದೆ. ಒತ್ತಿ ಹಿಡಿದಾಗ ಪೆಡಲ್ ತಾನಾಗಿ ಕೆಳಗಿಳಿಯುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಹೋಗಿದೆ. ಅದಕ್ಕೆ ಬ್ರೇಕ್ ಆಯಿಲ್ ಬಿಟ್ಟು ಬೇರೇನನ್ನೂ ಹಾಕಬೇಡಿ. ಅವಸರಕ್ಕೆಂದು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಕೂರುತ್ತದೆ.

ನಡುಕದ ವಿಷಯ. ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗಿದರೆ ಎಲ್ಲರೂ ಪ್ಲೇಟನ್ನೇ ದೂರುತ್ತಾರೆ. ಕಬ್ಬಿಣದ ರಾಡಿನಿಂದ ಎಂಜಿನ್ನನ್ನು ಒಮ್ಮೆ ಮೀಟಿ ನೋಡಿ. ಮೌಂಟಿಂಗ್ ರಬ್ಬರು ಹರಿದಿದ್ದರೆ ಅದು ತೊಟ್ಟಿಲಿನಂತೆ ಅಲ್ಲಾಡುತ್ತದೆ. ಕ್ಲಚ್ ಹಿಡಿಯುವಾಗ ಎಂಜಿನ್ ಜರುಗುತ್ತದೆ, ಜರುಗಿದಾಗ ರಾಡು ಎಳೆದು ಕ್ಲಚ್ ಮತ್ತೆ ಬಿಡುತ್ತದೆ, ಬಿಟ್ಟಾಗ ಎಂಜಿನ್ ಹಿಂದಕ್ಕೆ ಬರುತ್ತದೆ. ಇದೇ ನಡುಕ. ಯುದ್ಧಕಾಲದ ವಿಲ್ಲೀಸಿನಲ್ಲಿ ಎಂಜಿನ್ ಮುಂದಕ್ಕೆ ಜರುಗದಂತೆ ಕ್ರಾಸ್ ಮೆಂಬರಿಗೆ ಎಳೆದು ಕಟ್ಟುವ ಸಣ್ಣ ಸ್ಟೇ ಕೇಬಲ್ಲೇ ಇತ್ತು. ಅದು ಸಡಿಲವಾದರೂ ಗಾಡಿ ನಡುಗುತ್ತಿತ್ತು. ಸ್ಪ್ರಿಂಗ್ ಕಟ್ಟಿನ ಯು ಬೋಲ್ಟು ಸಡಿಲ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಸವೆತ, ಇವುಗಳ ನಡುಕವೂ ಸೀಟಿನಲ್ಲಿ ಕೂತವನಿಗೆ ಕ್ಲಚ್ಚಿನಂತೆಯೇ ಗೊತ್ತಾಗುತ್ತದೆ. ಇವೆಲ್ಲ ಪಾನಾ ಹಿಡಿದು ಅಡಿಗೆ ಮಲಗಿದರೆ ಆಗುವ ಕೆಲಸ.

ಸದ್ದಿಗೆ ಕಿವಿ ಕೊಡುವುದನ್ನು ಡ್ರೈವರುಗಳೇ ಕಲಿಯಬೇಕು, ಏಕೆಂದರೆ ಅದು ಗ್ಯಾರೇಜಿಗೆ ಬಂದಾಗ ಸುಮ್ಮನಾಗಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಮೇಲೆ ಕಾಲಿಲ್ಲದಾಗ ಗೊರಗುಟ್ಟುವುದು, ಒತ್ತಿದಾಗ ನಿಲ್ಲುವುದು ಗೇರ್ ಬಾಕ್ಸಿನ ಮುಂದಿನ ಬೇರಿಂಗು. ಪೆಡಲ್ ಸ್ವಲ್ಪ ಒತ್ತಿದ ಕೂಡಲೇ ಕಿರ್ರೆನ್ನುವುದು ರಿಲೀಸ್ ಬೇರಿಂಗು. ಗಾಡಿ ನಿಂತು, ಗೇರ್ ಬಿದ್ದು, ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಕೇಳುವ ಸದ್ದು ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬುಷ್ಷಿನದು. ಕ್ರ್ಯಾಂಕು ಸುತ್ತುತ್ತಿದ್ದು ಶಾಫ್ಟು ಪೂರ್ತಿ ನಿಂತಿರುವುದು ಆಗಲೇ. ಈ ಬುಷ್ಷು ಒಣಗಿ ಕಚ್ಚಿಕೊಂಡರೆ ಪ್ಲೇಟು ಬಿಟ್ಟರೂ ಎಂಜಿನ್ನು ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಲಿಂಕೇಜ್ ಎಲ್ಲ ಸರಿಯಿದ್ದೂ ಕ್ಲಚ್ ಬಿಡದಿದ್ದರೆ ಗುಮಾನಿ ಇದರ ಮೇಲಿರಲಿ.

ಇಷ್ಟಾದ ಮೇಲೆ ಡ್ರೈವರುಗಳಿಗೆ ಸ್ವಲ್ಪ ಗಡುಸಾಗಿ ಮಾತಾಡಬೇಕು. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಬಹಳ ಜನ ಲೋ ಗೇರಿನ ಲಿವರನ್ನು ಕೆಸರಿನಲ್ಲಿ ಹೂತಾಗ ಮಾತ್ರ ಮುಟ್ಟುತ್ತೀರಿ. ಏರನ್ನು ಬರೀ ಫಸ್ಟಿನಲ್ಲಿ, ಕ್ಲಚ್ ಅರ್ಧ ಒತ್ತಿ ಒತ್ತಿ ಹತ್ತಿಸುತ್ತೀರಿ. ಲೆಕ್ಕ ಕೇಳಿ. ಸಿಜೆ 3ಬಿ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಗೇರಿನ ಅನುಪಾತ 2.798, ಡಿಫರೆನ್ಷಿಯಲ್ಲಿನದು 5.38. ಗುಣಿಸಿದರೆ 15. ಅಂದರೆ ಚಕ್ರ ಒಂದು ಸುತ್ತು ಸುತ್ತಲು ಎಂಜಿನ್ 15 ಸುತ್ತು ಸುತ್ತಬೇಕು. 16 ಇಂಚಿನ ರಿಮ್ಮಿನ ಹಳೇ ಟೈರು ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರ್ ಹೋಗುತ್ತದೆ. ದೊಡ್ಡ ಕಲ್ಲು ಹಾಸಿದ ತಿರುವಿನಲ್ಲಿ ನೀವು ಹೋಗುವುದು ಗಂಟೆಗೆ ಐದು ಕಿ.ಮೀ. ವೇಗದಲ್ಲಿ, ನಡೆಯುವ ಮನುಷ್ಯನ ಹಾಗೆ. ಆ ವೇಗಕ್ಕೆ ಎಂಜಿನ್ ನಿಮಿಷಕ್ಕೆ 560 ಸುತ್ತಿನ ಆಸುಪಾಸಿನಲ್ಲಿರಬೇಕು. ಅದು ಐಡಲ್ಲಿಗೂ ಸಾಲದು. ಹಿಂದೆ ಎಂಟು ಜನರನ್ನು ಕೂರಿಸಿಕೊಂಡು ಅಷ್ಟರಲ್ಲಿ ಏರು ಹತ್ತಿಸಲು ಯಾವ ಎಂಜಿನ್ನಿಗೂ ಆಗುವುದಿಲ್ಲ. ಹಾಗಾಗಿ ನೀವು ಎಂಜಿನ್ ಎರಡು ಸಾವಿರಕ್ಕೆ ಏರಿಸಿ, ಉಳಿದ ವ್ಯತ್ಯಾಸವನ್ನು ಕ್ಲಚ್ಚಿನಲ್ಲಿ ಉಜ್ಜಿ ಕಳೆಯುತ್ತೀರಿ. ಕಳೆದದ್ದೆಲ್ಲ ಬಿಸಿಯಾಗುತ್ತದೆ. ಹೋಗುವುದಕ್ಕೆ ಬೇರೆ ದಾರಿಯಿಲ್ಲ.

ಈಗ ಲೋ ಹಾಕಿ. ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ 2.46. ಅದೇ 15 ಈಗ 37 ಆಯಿತು. ಅದೇ ಐದು ಕಿ.ಮೀ. ವೇಗದಲ್ಲಿ ಎಂಜಿನ್ 1,400ರ ಹತ್ತಿರ, ಕ್ಲಚ್ ಪೂರ್ತಿ ಬಿಟ್ಟು, ನಿಮ್ಮ ಎಡಗಾಲು ನೆಲದ ಮೇಲೆ. ನಿಧಾನವಾಗುತ್ತದೆ, ಟ್ರಿಪ್ಪು ತಪ್ಪುತ್ತದೆ ಎಂಬುದು ನೀವು ಕೊಡುವ ಕಾರಣ. ಲೋ ಸೆಕೆಂಡಿನಲ್ಲಿ ಎಂಜಿನ್ ಮೂರು ಸಾವಿರಕ್ಕೆ ಹೋದರೆ ಗಾಡಿ ಇಪ್ಪತ್ತು ಕಿ.ಮೀ. ಹತ್ತಿರ ಓಡುತ್ತದೆ. ಆ ಕಲ್ಲುದಾರಿಯಲ್ಲಿ ಇಪ್ಪತ್ತಕ್ಕಿಂತ ಜೋರಾಗಿ ಓಡಿಸುವವರ ಜೀಪಿಗೆ ನಾನಂತೂ ಹತ್ತುವುದಿಲ್ಲ. ಒಂದು ನಿಜ: ಹಳೇ ಜೀಪಿನಲ್ಲಿ ಮುಂದಿನ ಆಕ್ಸಲ್ ಹಾಕದೆ ಲೋ ಬೀಳುವುದಿಲ್ಲ, ಡಾಂಬರಿನ ಮೇಲೆ ಹಾಗೆ ಓಡಿಸಿದರೆ ಗಾಡಿ ಬಿಗಿದುಕೊಳ್ಳುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ. ಆದ್ದರಿಂದ ಡಾಂಬರು ಮುಗಿಯುವಲ್ಲಿ ಹಾಕಿ, ಸಡಿಲ ಕಲ್ಲುಮಣ್ಣಿನ ಮೇಲೆ ಚಕ್ರಗಳು ಜಾರಿ ಬಿಗಿತ ಕಳೆದುಕೊಳ್ಳುತ್ತವೆ. ಡಾಂಬರು ಬಂದಾಗ ತೆಗೆಯಿರಿ. ನಾಲ್ಕು ಗೇರಿನ, ಐದು ಗೇರಿನ ಗಾಡಿಗಳಲ್ಲಿ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಇದೇ.

ಇಳಿಯುವಾಗ ಇನ್ನೊಂದು ಅಪಾಯವಿದೆ, ಅದನ್ನು ಹೇಳುವವರು ಕಡಿಮೆ. ಲೋ ಫಸ್ಟಿನಲ್ಲಿ ಇಳಿಯುತ್ತಾ ಎಂಜಿನ್ ಕೂಗುತ್ತದೆಂದು ಕ್ಲಚ್ ಒತ್ತಿಬಿಟ್ಟಿರಿ ಅನ್ನಿ. ಗಾಡಿ ಕೈಬಿಟ್ಟಂತೆ ಓಡುತ್ತದೆ, ವೇಗ 30 ಮುಟ್ಟುತ್ತದೆ. ಪ್ಲೇಟು ಈಗ ಎಂಜಿನ್ನಿಗಲ್ಲ, ಚಕ್ರಗಳಿಗೆ ಕಟ್ಟಿಕೊಂಡಿದೆ. 37ರ ಲೆಕ್ಕದಲ್ಲಿ ಅದು ನಿಮಿಷಕ್ಕೆ ಎಂಟು ಸಾವಿರ ಸುತ್ತು ಮೀರುತ್ತದೆ. ಸಿಜೆ 3ಬಿಯ ಪೆಟ್ರೋಲ್ ಎಂಜಿನ್ನಿನ ಪೂರ್ತಿ ಶಕ್ತಿಯೇ ನಾಲ್ಕು ಸಾವಿರ ಸುತ್ತಿನಲ್ಲಿ. ಎರಡು ಪಟ್ಟು ವೇಗಕ್ಕೆ ಲೈನಿಂಗು ರಿವಿಟ್ ಬಿಟ್ಟು ಸಿಡಿಯುತ್ತದೆ. ಬೆಲ್ ಹೌಸಿಂಗಿನೊಳಗೆ ಚೂರು ಚೂರು ಸಿಗುವುದು ಹೀಗೆ. ಇಳಿಜಾರಿನಲ್ಲಿ ಕ್ಲಚ್ ಒತ್ತಬಾರದೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಬ್ರೇಕಿನದು ಒಂದು ಕಾರಣ, ಇದು ಇನ್ನೊಂದು.

ಸರಿ, ಎಲ್ಲ ಪರೀಕ್ಷೆ ಮುಗಿದು ಗೇರ್ ಬಾಕ್ಸ್ ಇಳಿಸಲೇಬೇಕು ಎಂದಾಯಿತು. ಮಾಲೀಕರೇ, ಈಗ ನಿಮ್ಮ ಸರದಿ. ಬಿಚ್ಚುವ ಮೊದಲು ಫ್ರೀ ಪ್ಲೇ ಎಷ್ಟಿತ್ತೆಂದು ಅಳೆದು ಒಂದು ಚೀಟಿಯಲ್ಲಿ ಬರೆಸಿ. ಪ್ಲೇಟು ಹೊರಬರುವಾಗ ಡ್ರೈವರ್‌ನನ್ನು ಗ್ಯಾರೇಜಿಗೆ ಕರೆಸಿ. ಮೂವರೂ ಕೂತು ಆ ಪ್ಲೇಟನ್ನು ನೋಡಿ.

ಎರಡೂ ಕಡೆ ಸಮನಾಗಿ ತೆಳ್ಳಗಾಗಿ ರಿವಿಟ್ ತಲೆಗಳು ಮೇಲೆ ಬಂದಿದ್ದರೆ ಅದು ಆಯಸ್ಸು ಮುಗಿಸಿದ ಪ್ಲೇಟು. ಅದರ ದುಡ್ಡು ಡ್ರೈವರ್‌ನಿಂದ ಕೇಳುವುದು ಟೈರು ಸವೆದದ್ದಕ್ಕೆ ದುಡ್ಡು ಕೇಳಿದ ಹಾಗೆ. ಮುಖ ಕಪ್ಪಾಗಿ ಗಾಜಿನಂತೆ ಮಿನುಗುತ್ತಿದ್ದು, ಫ್ಲೈವೀಲಿನ ಮೇಲೆ ನೀಲಿ ಮಚ್ಚೆಗಳಿದ್ದರೆ ಜಾರಿ ಸುಟ್ಟದ್ದು. ಆಗ ಚೀಟಿ ತೆಗೆಯಿರಿ. ಫ್ರೀ ಪ್ಲೇ ಸೊನ್ನೆ ಎಂದು ಬರೆದಿದ್ದರೆ ಅದನ್ನು ಅಡ್ಜಸ್ಟ್ ಮಾಡಿಸದೆ ಬಾಡಿಗೆಗೆ ಬಿಟ್ಟವರದೂ ಪಾಲಿದೆ. ಫ್ರೀ ಪ್ಲೇ ಸರಿಯಾಗಿದ್ದು, ಎಣ್ಣೆಯ ಗುರುತಿಲ್ಲದೆ, ಪ್ರೆಶರ್ ಪ್ಲೇಟಿನ ಸ್ಪ್ರಿಂಗುಗಳೂ ಗಟ್ಟಿಯಾಗಿದ್ದರೆ, ಡ್ರೈವರಣ್ಣಾ, ಅದು ನಿಮ್ಮ ಕಾಲೇ. ಒಪ್ಪಿಕೊಳ್ಳಿ. ನಡುವಿನ ಸ್ಪ್ರಿಂಗು ಮುರಿದಿದ್ದರೆ, ಹಬ್ಬು ಕಿತ್ತಿದ್ದರೆ ಹೂತ ಗಾಡಿಯನ್ನು ರೇಸ್ ಮಾಡಿ ಕ್ಲಚ್ ತಟ್ಟನೆ ಬಿಟ್ಟು ಎಬ್ಬಿಸಿದ ಗುರುತು ಇರಬಹುದು. ಆದರೆ ಹೋದ ಸಲ ಗೇರ್ ಬಾಕ್ಸ್ ಕೂರಿಸಿದವನ ಗುರುತೂ ಇರಬಹುದು. ಬಾಕ್ಸಿನ ಪೂರ್ತಿ ಭಾರವನ್ನು ಪ್ಲೇಟಿನ ಹಬ್ಬಿನ ಮೇಲೆ ನೇತುಬಿಟ್ಟು ಬೀಡಿ ಸೇದಲು ಹೋಗುವ ಮೆಕ್ಯಾನಿಕ್ಕುಗಳಿದ್ದಾರೆ. ಹಬ್ಬು ಆಗಲೇ ಬಾಗುತ್ತದೆ, ಮುರಿಯುವುದು ಆಮೇಲೆ.

ಪ್ಲೇಟು ಎಣ್ಣೆಯಲ್ಲಿ ತೊಯ್ದಿದ್ದರೆ ಡ್ರೈವರ್‌ಗೆ ಅದರಲ್ಲಿ ಪಾತ್ರವೇ ಇಲ್ಲ. ಆದರೆ ಎಣ್ಣೆ ಎಲ್ಲಿಂದ ಬಂತು ಎಂದು ನೋಡದೆ ಹೊಸ ಪ್ಲೇಟು ಹಾಕಿದರೆ ಬರುವ ಸೀಸನ್ನಿಗೆ ಮತ್ತೆ ಇದೇ ಜಾಗದಲ್ಲಿ ಮೂವರೂ ಕೂರಬೇಕಾಗುತ್ತದೆ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಆಯಿಲ್ ಅಂಟಂಟಾಗಿ, ಗಂಧಕದ ಘಾಟು ಹೊಡೆಯುತ್ತದೆ. ಅದು ಗೇರ್ ಬಾಕ್ಸಿನ ಮುಂದಿನ ಕಡೆಯಿಂದ ಬಂದದ್ದು. ಡೀಸೆಲ್ ಎಂಜಿನ್ನಿನದು ಮಸಿಯಂತೆ ಕಪ್ಪು, ತೆಳು. ಅದು ಕ್ರ್ಯಾಂಕಿನ ಹಿಂದಿನ ಸೀಲಿನದು. ಸೀಲು ಬದಲಿಸುವ ಮೊದಲು ಎಂಜಿನ್ನಿನ ಬ್ರೀದರ್ ಪೈಪು ಕಟ್ಟಿಕೊಂಡಿದೆಯೇ ನೋಡಿ. ಪಿಸ್ಟನ್ ರಿಂಗು ಸವೆದ ಹಳೇ ಎಂಜಿನ್ನಿನಲ್ಲಿ ಒಳಗಿನ ಒತ್ತಡ ಹೊರಹೋಗಲು ದಾರಿ ಸಿಗದಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಎಣ್ಣೆಯನ್ನು ದೂಡಿ ಹಾಕುತ್ತದೆ. ಒಂದು ತುಂಡು ತಂತಿಯಿಂದ ಬ್ರೀದರ್ ಶುಚಿ ಮಾಡುವುದಕ್ಕೆ ಖರ್ಚಿಲ್ಲ.

ಬಾಕ್ಸು ಕೆಳಗಿರುವಾಗ ಜಿಪುಣತನ ಮಾಡಬೇಡಿ ಎಂದು ನಾನು ಹೇಳಿದರೆ ನಿಮಗೆ ಗ್ಯಾರೇಜಿನವನ ಮಾತೆನ್ನಿಸುತ್ತದೆ. ಆದರೂ ಹೇಳುತ್ತೇನೆ. ಈ ಕೆಲಸದಲ್ಲಿ ದುಬಾರಿಯಾದದ್ದು ಇಳಿಸಿ ಹತ್ತಿಸುವ ಶ್ರಮ. ಫ್ಲೋರ್ ತಗಡು ಬಿಚ್ಚಬೇಕು, ಎರಡೂ ಪ್ರೊಪೆಲ್ಲರ್ ಶಾಫ್ಟು ಕಳಚಬೇಕು, ಕ್ರಾಸ್ ಮೆಂಬರ್ ಇಳಿಸಬೇಕು, ಗೇರ್ ಬಾಕ್ಸು ಮತ್ತು ಟ್ರಾನ್ಸ್‌ಫರ್ ಕೇಸನ್ನು ಒಟ್ಟಿಗೆ ಇಳಿಸಬೇಕು. ಇಷ್ಟೆಲ್ಲ ಮಾಡಿ ಪ್ಲೇಟೊಂದನ್ನೇ ಬದಲಿಸುವುದು, ಹಳೇ ರಿಲೀಸ್ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು ವಾಪಸು ಹಾಕುವುದು ಉಳಿತಾಯವಲ್ಲ. ಆ ಬೇರಿಂಗಿನ ಗ್ರೀಸು ಒಳಗೆ ತುಂಬಿ ಸೀಲಾಗಿ ಬಂದದ್ದು. ತೊಳೆದರೆ ಅದು ಹೋಯಿತು. ಪೈಲಟ್ ಬುಷ್ಷಿನ ಬೆಲೆ ಅಲ್ಪ. ಅದನ್ನು ತೆಗೆಯುವ ಹಳೇ ಉಪಾಯ ನಿಮ್ಮ ಮೆಕ್ಯಾನಿಕ್ಕಿಗೆ ಗೊತ್ತಿರಬೇಕು: ತೂತಿಗೆ ಗ್ರೀಸು ಗಿಡಿದು, ಸರಿಯಾಗಿ ಹೊಂದುವ ಶಾಫ್ಟಿನ ತುಂಡನ್ನಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಗ್ರೀಸಿನ ಒತ್ತಡಕ್ಕೆ ಬುಷ್ಷು ತಾನಾಗಿ ಹಿಂದಕ್ಕೆ ಬರುತ್ತದೆ. ನೋಡಲು ಚಂದ.

ಫ್ಲೈವೀಲಿನಲ್ಲಿ ನೀಲಿ ಮಚ್ಚೆ, ಗೆರೆ ಇದ್ದರೆ ಲೇತಿಗೆ ಕೊಟ್ಟು ಮುಖ ಹಿಡಿಸಿ. ಸ್ಯಾಂಡ್ ಪೇಪರ್ ಉಜ್ಜಿ "ಸಾಕು" ಅನ್ನುವವರ ಮಾತು ಕೇಳಬೇಡಿ. ಆ ಮಚ್ಚೆಗಳು ಗಟ್ಟಿಯಾದ ಗುಡ್ಡೆಗಳು, ಹೊಸ ಪ್ಲೇಟು ಅವುಗಳ ಮೇಲೆ ಕುಣಿಯುತ್ತದೆ. ಹೊಸ ಪ್ಲೇಟನ್ನು ಶಾಫ್ಟಿನ ಮೇಲೆ ಕೈಯಲ್ಲೇ ಜಾರಿಸಿ ನೋಡಿ, ತಡೆಯಿಲ್ಲದೆ ಓಡಾಡಬೇಕು. ಹಲ್ಲಿಗೆ ಗ್ರೀಸು ಸವರಿ ಒರೆಸಿದಷ್ಟು ಸಾಕು. ಹೆಚ್ಚಾದರೆ ಲೈನಿಂಗಿಗೆ ಎರಚುತ್ತದೆ. ಪ್ಲೇಟಿಗೆ ಮುಂದು ಹಿಂದು ಇದೆ. ಉಲ್ಟಾ ಕೂತರೆ ಹಬ್ಬು ಫ್ಲೈವೀಲಿನ ಬೋಲ್ಟಿಗೆ ತಗುಲಿ ಕ್ಲಚ್ ಬಿಡುವುದೇ ಇಲ್ಲ, ಮತ್ತೆ ಎಲ್ಲ ಇಳಿಸಬೇಕು. ನಡು ಹಿಡಿಯಲು ಹಳೇ ಗೇರ್ ಬಾಕ್ಸಿನ ಶಾಫ್ಟಿಗಿಂತ ಒಳ್ಳೆ ಡಮ್ಮಿ ಇಲ್ಲ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮೂರು ಬೆರಳಿನ ಹಳೇ ಮಾದರಿಯಾದರೆ ಬೆರಳುಗಳ ಎತ್ತರ ಒಂದೇ ಇದೆಯೇ ಅಳೆಯಬೇಕು. ಕೊನೆಗೆ ಗೇರ್ ಬಾಕ್ಸು ಕೈಯ ಒತ್ತಿಗೆ ಹೋಗಿ ಕೂರಬೇಕು. ಕೂರದಿದ್ದರೆ ನಡು ಸರಿಯಿಲ್ಲ ಎಂದರ್ಥ. ಬೋಲ್ಟು ಹಾಕಿ ಎಳೆದು ಕೂರಿಸುವವನನ್ನು ಅಲ್ಲೇ ತಡೆಯಿರಿ.

ಮಳೆಗಾಲದಲ್ಲಿ ಜೀಪು ನಿಲ್ಲಿಸಿಡುವವರಿಗೆ ಒಂದು ಮಾತು. ಹೊಳೆ ದಾಟಿಸಿ, ತೊಳೆದು, ಹಾಗೆಯೇ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ಪ್ಲೇಟು ಮೂರು ತಿಂಗಳ ತೇವಕ್ಕೆ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸೀಸನ್ನಿಗೆ ತೆಗೆದಾಗ ಪೆಡಲ್ ಎಷ್ಟು ಒತ್ತಿದರೂ ಗೇರ್ ಬೀಳುವುದಿಲ್ಲ. ಇದಕ್ಕೂ ಬಾಕ್ಸ್ ಇಳಿಸಲು ಓಡಬೇಡಿ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಬಂದ್ ಮಾಡಿ. ಎದುರಿಗೆ ಯಾರೂ ಇಲ್ಲದ ವಿಶಾಲ ಬಯಲಿನಲ್ಲಿ ಗೇರ್ ಹಾಕಿಕೊಂಡೇ ಸ್ಟಾರ್ಟ್ ಮಾಡಿ. ಗಾಡಿ ಓಡುತ್ತಿರುವಾಗ ಪೆಡಲ್ ಪೂರ್ತಿ ಒತ್ತಿ ಹಿಡಿದು, ಆಕ್ಸಿಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ. ಹೆಚ್ಚಿನ ಸಲ ಟಕ್ ಎಂದು ಬಿಡುತ್ತದೆ. ಬ್ರೇಕು ಚೆನ್ನಾಗಿದೆಯೆಂದು ಮೊದಲೇ ನೋಡಿಕೊಂಡಿರಬೇಕು. ನಿಲ್ಲಿಸಿಡುವಾಗಲೇ ಪೆಡಲ್ ಒತ್ತಿ ಸೀಟಿಗೆ ಒಂದು ಕೋಲು ಕೊಟ್ಟಿಟ್ಟರೆ ಇದ್ಯಾವುದೂ ಬೇಡ. ಟ್ರ್ಯಾಕ್ಟರ್ ಇಟ್ಟುಕೊಂಡ ಗದ್ದೆಯವರು ಇದನ್ನು ಮಾಡುತ್ತಲೇ ಬಂದಿದ್ದಾರೆ.

ಬ್ಯಾಟಾದಲ್ಲಿ ಮುರಿದುಕೊಳ್ಳುವ ವಿಷಯಕ್ಕೆ ಬಂದರೆ, ನನ್ನ ಬೇಡಿಕೆ ಇಷ್ಟು: ಪ್ಲೇಟನ್ನು ಡ್ರೈವರ್‌ನ ಕಣ್ಣೆದುರು ತೆಗೆದು ತೋರಿಸದೆ ಒಂದು ರೂಪಾಯಿಯನ್ನೂ ಮುರಿಯಬಾರದು. ಸ್ಟ್ಯಾಂಡಿನಲ್ಲಿ ಸಂಘ ಇರುವ ಕಡೆ ಇದನ್ನು ಬಾಯಿಮಾತಿನಲ್ಲಿ ಬಿಡದೆ ಪುಸ್ತಕದಲ್ಲಿ ಬರೆದುಕೊಳ್ಳಿ. ಡ್ರೈವರುಗಳೇ, ನೀವೂ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ, ಸಡಿಲು ಕಡಿಮೆಯಾಗಿದ್ದರೆ ಅವತ್ತೇ ಮಾಲೀಕರಿಗೆ ತಿಳಿಸಿ. ಫೋನಿನಲ್ಲಿ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.

ಇಂತಿ ನಿಮ್ಮವ,
ಒಬ್ಬ ಹಳೇ ಮೆಕ್ಯಾನಿಕ್

ವಿ.ಸೂ.: ಕೆಲಸ ಮಾಡುವ ಹುಡುಗರಿಗೆ ಎರಡು ಮಾತು. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ವರ್ಷಗಳ ನಂತರ ಕೊಲ್ಲುವ ಕಾಯಿಲೆ ತರುತ್ತದೆ. ಬೆಲ್ ಹೌಸಿಂಗಿಗೆ ಗಾಳಿ ಪೈಪು ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನೊಂದು, ಸಿಜೆ 3ಬಿಯಂಥ ಹಳೇ ಜೀಪಿನ ಹ್ಯಾಂಡ್ ಬ್ರೇಕು ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಕಳಚಿದ ಗಳಿಗೆಯಿಂದ ಅದು ಗಾಡಿಯನ್ನು ಹಿಡಿಯುವುದಿಲ್ಲ, ಲಿವರ್ ಎಷ್ಟೇ ಎಳೆದಿರಲಿ. ಅಡಿಗೆ ಹೋಗುವ ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ.